ಮೀನು ಮುಗಿಯುವುದರೊಳಗೆ

ಹದಿಮೂರು ಅಪಶಕುನದ ಸಂಖ್ಯೆಯಾದ್ದರಿಂದ ಲೇಡಿ ಮಿಲಿಸೆಂಟ್ ಅವರ ಊಟದ ಮೇಜಿನಲ್ಲಿ ಅಷ್ಟು ಜನ ಎಂದೂ ಕೂತದ್ದಿಲ್ಲ. ಹಾಗೆ ಕೂರುವ ಪ್ರಸಂಗ ಬಂದರೆ ಸಂಜೆ ನಾಲ್ಕಕ್ಕೋ ಐದಕ್ಕೋ ನಮ್ಮ ಬ್ಯಾಂಕಿಗೆ ಫೋನು ಬರುತ್ತಿತ್ತು. ಯಾರದೋ ಕಾಲು ಊದಿಕೊಂಡಿದೆ, ಯಾರಿಗೋ ರೈಲು ತಪ್ಪಿದೆ, ಗ್ಯಾಸ್ಕಿನ್ ಬರಬಹುದೇ?

ಗ್ಯಾಸ್ಕಿನ್ ಎಂದರೆ ನಾನು. ಊಟಕ್ಕೆ ಹಾಕುವ ನನ್ನ ಕಪ್ಪು ಕೋಟು ಬ್ಯಾಂಕಿನ ಬೀರುವಿನಲ್ಲಿ, ಹಳೆಯ ಪತ್ರಗಳ ಕಟ್ಟುಗಳ ಪಕ್ಕದಲ್ಲೇ ನೇತಾಡುತ್ತಿತ್ತು. ಮದುವೆಯಾಗಿಲ್ಲ, ಯಾವ ಪಕ್ಷದವನೂ ಅಲ್ಲ, ಆಕ್ಸ್‌ಫರ್ಡಿನಲ್ಲಿ ಗ್ರೀಕ್ ಓದಿದವನು, ತಾನಾಗಿ ಬಾಯಿ ತೆರೆಯುವುದಿಲ್ಲ. ಹದಿನಾಲ್ಕನೆಯ ಕುರ್ಚಿ ತುಂಬುವವನಿಗೆ ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕಾಗಿಲ್ಲ.

ಲೇಡಿ ಮಿಲಿಸೆಂಟ್ ನಮ್ಮ ಯಜಮಾನರಾದ ಲಾರ್ಡ್ ಆಲ್ಡ್ವಿಕ್ ಅವರ ಅಕ್ಕ. ಯಜಮಾನರಿಗೆ ಆಗ ಐವತ್ತೆಂಟು. ನಾನು ಅವರ ಕಾರ್ಯದರ್ಶಿಯಾಗಿ ಹನ್ನೊಂದು ವರ್ಷ. ಅವರ ಮುತ್ತಜ್ಜ ಬ್ಯಾಂಕು ಕಟ್ಟಿದಾಗ ಒಂದು ಮಾತು ಹೇಳಿ ಹೋಗಿದ್ದರಂತೆ: ಕೇಳಿದ ದಿನವೇ ಉತ್ತರ ಕೊಡಬೇಡಿ. ಲಾರ್ಡ್ ಆಲ್ಡ್ವಿಕ್ ಅದನ್ನು ಬೇರೆ ಯಾರೂ ಪಾಲಿಸದಷ್ಟು ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದರು. ರೈಲ್ವೆ ಕಂಪನಿಯವರು ಬಂದರೂ, ಹಡಗಿನ ಒಡೆಯರು ಬಂದರೂ, ಒಮ್ಮೆ ಒಂದು ಸಣ್ಣ ದೇಶದ ಮಂತ್ರಿಯೇ ಬಂದು ಕಣ್ಣೀರು ಹಾಕಿದರೂ ಅವರು ಕೇಳಿಸಿಕೊಂಡು, ತಲೆಯಾಡಿಸಿ, "ನಾಳೆ ಬೆಳಗ್ಗೆ ಹನ್ನೊಂದಕ್ಕೆ ಹೇಳ್ತೀನಿ" ಎನ್ನುತ್ತಿದ್ದರು. ಅಕ್ಕಪಕ್ಕದ ಬೀದಿಗಳಲ್ಲಿ ನಾಲ್ಕು ಬ್ಯಾಂಕು ಮುಳುಗಿದವು. ನಮ್ಮದು ತೇಲುತ್ತಿತ್ತು. ಮುಳುಗಬೇಕೋ ಬೇಡವೋ ನಾಳೆ ಹೇಳ್ತೀನಿ ಅಂತ ಯಜಮಾನರು ನೀರಿಗೂ ಹೇಳಿರಬೇಕು ಎಂದು ನಮ್ಮ ಗುಮಾಸ್ತರು ನಗುತ್ತಿದ್ದರು.

ಬ್ಯಾಂಕಿಗೆ ಒಳ್ಳೆಯದಾದ ಈ ಗುಣ ಅವರ ಸ್ವಂತ ಬಾಳಿಗೆ ಒಗ್ಗಲಿಲ್ಲ. ಇಡಾ ಪೆನ್ರೋಸ್ ಎಂಬಾಕೆಯನ್ನು ಮದುವೆಯಾಗಬೇಕೆಂದು ಅವರು ಎರಡು ವರ್ಷದಿಂದ ಮೀನಮೇಷ ಎಣಿಸುತ್ತಿದ್ದರು. ಮಿಸೆಸ್ ಪೆನ್ರೋಸ್ ನೌಕಾಪಡೆಯ ಅಧಿಕಾರಿಯೊಬ್ಬರ ವಿಧವೆ, ಐವತ್ತರ ಆಸುಪಾಸಿನವರು. ಎದುರಿಗಿರುವವರು ನಗುವ ಮುಂಚೆ ತಾವೇ ನಗುವವರು. ಯಜಮಾನರ ಈ ಆಸೆ ಲೇಡಿ ಮಿಲಿಸೆಂಟ್ ಅವರಿಗೆ ಗೊತ್ತಿರಲಿಲ್ಲ, ಮಿಸೆಸ್ ಪೆನ್ರೋಸ್ ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನನಗೆ ಮಾತ್ರ ಗೊತ್ತಿತ್ತು, ಏಕೆಂದರೆ ಹದಿನಾಲ್ಕನೆಯವನ ಕುರ್ಚಿ ಸಾಮಾನ್ಯವಾಗಿ ಮಿಸೆಸ್ ಪೆನ್ರೋಸ್ ಅವರ ಎಡಕ್ಕೆ ಇರುತ್ತಿತ್ತು. ಬಲಕ್ಕೆ ನಮ್ಮ ಯಜಮಾನರು. ಸ್ವಂತ ತಮ್ಮನಾದ್ದರಿಂದ ಅವರಿಗೆ ಮನೆಯೊಡತಿಯ ಪಕ್ಕದ ಗೌರವದ ಜಾಗ ಕೊಡಬೇಕಾಗಿರಲಿಲ್ಲ.

ಆ ಮೇಜಿನ ಕಟ್ಟುಪಾಡು ಹೀಗಿತ್ತು. ಸೂಪು ಮತ್ತು ಮೀನು ಮುಗಿಯುವವರೆಗೆ ಒಂದು ಪಕ್ಕದವರ ಜೊತೆ ಮಾತು. ಮಾಂಸ ಬಂತೆಂದರೆ ಇನ್ನೊಂದು ಪಕ್ಕದವರ ಜೊತೆ. ಮನೆಯೊಡತಿ ಬಲದಿಂದ ಎಡಕ್ಕೆ ತಿರುಗಿದ ಕ್ಷಣ ಎಲ್ಲ ತಲೆಗಳೂ ತಿರುಗಬೇಕು. ಹೇಳುತ್ತಿದ್ದ ವಾಕ್ಯ ಅರ್ಧದಲ್ಲಿದ್ದರೆ ಅರ್ಧದಲ್ಲೇ ಇರಲಿ. ಒಬ್ಬರು ತಿರುಗದಿದ್ದರೆ ಸರಪಣಿ ಕಡಿದು ಯಾರೋ ಇಬ್ಬರು ಮಾತಿಲ್ಲದೆ ಒಂಟಿಯಾಗುತ್ತಾರೆ. ಅಂಥ ಅನಾಹುತ ಲೇಡಿ ಮಿಲಿಸೆಂಟ್ ಅವರ ಮನೆಯಲ್ಲಿ ಇಪ್ಪತ್ತಾರು ವರ್ಷಗಳಲ್ಲಿ ಆಗಿರಲಿಲ್ಲ.

ಯಜಮಾನರ ಪಾಲಿಗೆ ಸಿಗುತ್ತಿದ್ದುದು ಸೂಪು ಮತ್ತು ಮೀನಿನ ಹೊತ್ತು. ಸೂಪು ಮುಗಿಯುವವರೆಗೆ ಅವರು ಬಾಯಲ್ಲಿ ಕಡುಬು ಇಟ್ಟುಕೊಂಡವರಂತೆ ಕೂತಿರುತ್ತಿದ್ದರು. ಮೀನು ಬಂದಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ಮಿಸೆಸ್ ಪೆನ್ರೋಸ್, ನಾನು ಒಂದು ವಿಷಯ..." ಎನ್ನುವಷ್ಟರಲ್ಲಿ ಮೇಜಿನ ತುದಿಯಲ್ಲಿ ಅಕ್ಕನ ಕಿವಿಯೋಲೆ ಅಲುಗುತ್ತಿತ್ತು. ಮಿಸೆಸ್ ಪೆನ್ರೋಸ್ ನನ್ನ ಕಡೆ ತಿರುಗಿ, "ಹೇಳಿ ಮಿಸ್ಟರ್ ಗ್ಯಾಸ್ಕಿನ್, ಈ ವಾರ ಎಷ್ಟು ಮಾತಾಡಿದ್ರಿ? ಹತ್ತು ದಾಟ್ತಾ?" ಎನ್ನುತ್ತಿದ್ದರು.

ಜೂನ್ ತಿಂಗಳ ಮೊದಲ ಸೋಮವಾರ ಯಜಮಾನರು ನನ್ನನ್ನು ಕರೆದರು.

"ಗ್ಯಾಸ್ಕಿನ್, ಬಾಗಿಲು ಹಾಕಿ. ಕೂತ್ಕೊಳ್ಳಿ."

ಆ ಕೋಣೆಯಲ್ಲಿ ನನಗೆ ಯಾರೂ ಕೂತ್ಕೊಳ್ಳಿ ಅಂದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತೆ.

"ಮಿಸೆಸ್ ಪೆನ್ರೋಸ್ ಕೆನಡಾಕ್ಕೆ ಹೋಗ್ತಾರಂತೆ. ತಂಗಿ ಮನೆಗೆ. ಮುಂದಿನ ವಾರ, ಮಂಗಳವಾರ ಹಡಗು."

"ಯಾವಾಗ ವಾಪಸ್ಸು, ಸರ್?"

"ವಾಪಸ್ಸಿಗೆ ಟಿಕೆಟ್ ತಗೊಂಡಿಲ್ಲವಂತೆ." ಅವರು ಕಿಟಕಿಯ ಕಡೆ ನೋಡಿದರು. ಅಲ್ಲಿ ಎದುರಿನ ಕಟ್ಟಡದ ಗೋಡೆ ಬಿಟ್ಟರೆ ಏನೂ ಇಲ್ಲ. ಅದನ್ನೇ ನೋಡುತ್ತ, "ನೀವು ಪಕ್ಕದಲ್ಲೇ ಕೂತಿರ್ತೀರಿ. ನಾನು ಎಲ್ಲೀವರೆಗೆ ಬಂದಿದ್ದೀನಿ ಅಂತ ನಿಮಗೆ ಗೊತ್ತಿರಬೇಕು" ಅಂದರು.

"ಮೀನಿನವರೆಗೆ, ಸರ್."

ಅವರು ನಿಟ್ಟುಸಿರಿಟ್ಟರು.

"ಕಾಗದ ಬರೀಬಹುದಲ್ಲ, ಸರ್?"

"ಬರೆದಿದ್ದೆ. ಅವರ ದುಡ್ಡು ನಮ್ಮಲ್ಲೇ ಇದೆಯಲ್ಲ. ನಮ್ಮ ಮೊಹರು ಇರೋ ಕಾಗದ ಬಂದ್ರೆ ಒಡೆಯದೇ ನೇರ ವಕೀಲರಿಗೆ ಕಳಿಸ್ತಾರೆ. ವಕೀಲರಿಂದ ಉತ್ತರ ಬಂತು. ತಮ್ಮ ಪತ್ರ ತಲುಪಿದೆ, ಪರಿಶೀಲನೆಯಲ್ಲಿದೆ ಅಂತ."

"ಅಯ್ಯೋ. ಪತ್ರದಲ್ಲಿ ಏನಿತ್ತು, ಸರ್?"

"ಯೋಗಕ್ಷೇಮ ಅಷ್ಟೇ ವಿಚಾರಿಸಿದ್ದೆ. ಸದ್ಯ."

"ಅವರ ಮನೆಗೇ ಹೋದ್ರೆ?"

"ಹೋಗಿದ್ದೆ. ಮೂರು ಸಲ. ಕೋಣೆ ತುಂಬಾ ನಿಶ್ಶಬ್ದವಾಗಿತ್ತು, ಗ್ಯಾಸ್ಕಿನ್. ಗಡಿಯಾರ ಒಂದೇ ಮಾತಾಡ್ತಿತ್ತು. ಆ ನಿಶ್ಶಬ್ದದೊಳಗೆ ಒಂದು ಮಾತು ಹಾಕಿದ್ರೆ ಅದು ಎಷ್ಟು ದೊಡ್ಡದಾಗಿ ಕೇಳ್ಸುತ್ತೆ ಯೋಚ್ನೆ ಮಾಡಿ. ಸುತ್ತ ನಾಲ್ಕು ಜನ ಗದ್ದಲ ಮಾಡ್ತಿರಬೇಕು. ಆಗ ಹೇಳಬಹುದು."

ನನಗೆ ಇದು ಅರ್ಥವಾಗುತ್ತಿತ್ತು. ಇಬ್ಬರೇ ಇರುವ ಕೋಣೆಯ ಮೌನ ಬೇರೆ, ಹದಿನಾಲ್ಕು ಜನರ ನಡುವೆ ಒಬ್ಬನಿಗೆ ಸಿಗುವ ಮೌನ ಬೇರೆ. ಎರಡನೆಯದು ನನ್ನದು, ನಾನು ಅದರಲ್ಲೇ ವಾಸವಾಗಿದ್ದವನು. ಮೊದಲನೆಯದಕ್ಕೆ ನಾನೂ ಹೆದರುತ್ತಿದ್ದೆ.

ಯಜಮಾನರು ಜೇಬಿನಿಂದ ಒಂದು ಹಾಳೆ ತೆಗೆದರು. ಹೇಳಬೇಕಾದ ಮಾತನ್ನು ಬರೆದು, ಅತಿಯಾಯಿತು ಅನ್ನಿಸಿದ್ದನ್ನೆಲ್ಲ ಹೊಡೆದುಹಾಕಿದ್ದರು. ಒಂದು ಪುಟದಲ್ಲಿ ಉಳಿದಿದ್ದು ಹಳ್ಳಿಗಾಡಿನ ತಮ್ಮ ಹಿರಿಯರ ಮನೆಯ ಬಗ್ಗೆ ಒಂದೇ ವಾಕ್ಯ: "ನಾರ್ಫಕ್‌ನ ಮನೆ ಒಬ್ಬನಿಗೆ ದೊಡ್ಡದಾಯಿತು."

"ಸರ್, ಇದನ್ನ ಕೇಳಿದ್ರೆ ಮನೆ ಮಾರೋಕೆ ಹೊರಟಿದ್ದೀರಿ ಅಂದ್ಕೊಳ್ಳಬಹುದು."

"ಹಾಗೆ ಯಾರು ಅಂದ್ಕೊಳ್ತಾರೆ?" ಅಂದರು ಅವರು, ನಿಜವಾದ ಆಶ್ಚರ್ಯದಿಂದ. "ಮಾತಿನ ತೊಂದರೆ ಅಲ್ಲ. ಹೊತ್ತಿನ ತೊಂದರೆ. ಸೂಪಿಗೆ ಎಂಟು ನಿಮಿಷ, ಮೀನಿಗೆ ಹನ್ನೆರಡು. ಗುರುವಾರ ಕೊನೇ ಊಟ. ಈ ಹನ್ನೆರಡನ್ನ ಇಪ್ಪತ್ತೈದು ಮಾಡ್ಬೇಕು."

ಅದಕ್ಕೊಂದು ಉಪಾಯವನ್ನೂ ಅವರು ಹುಡುಕಿದ್ದರು. ಅಕ್ಕನ ಮನೆಯಲ್ಲಿ ಯಾವಾಗಲೂ ಮುಳ್ಳು ತೆಗೆದ ಮೃದುವಾದ ಸಮುದ್ರದ ಮೀನು. ನಾಲ್ಕು ತುತ್ತಿಗೆ ತಟ್ಟೆ ಖಾಲಿ. ನಾರ್ಫಕ್‌ನ ಅವರ ಕೆರೆಯಲ್ಲಿ ಪೈಕ್ ಎಂಬ ಮೀನಿದೆ, ಮೈಯೆಲ್ಲ ಮುಳ್ಳು. ಅದನ್ನು ಹಿಡಿಸಿ ಮಂಜುಗಡ್ಡೆಯಲ್ಲಿಟ್ಟು ರೈಲಿನಲ್ಲಿ ಕಳಿಸಿದರೆ, ತವರುಮನೆಯ ಕೆರೆಯ ಮೀನು ಬೇಡ ಎಂದು ಯಾವ ಅಕ್ಕ ಹೇಳುತ್ತಾಳೆ? ಮುಳ್ಳು ಬಿಡಿಸುತ್ತ ಕೂತವರಿಗೆ ಇಪ್ಪತ್ತೈದು ನಿಮಿಷ ಸಾಲದು.

ನಾನು ಅದರಲ್ಲಿ ಯಾವ ದೋಷವನ್ನೂ ಕಾಣಲಿಲ್ಲ. ಇಬ್ಬರು ಓದಿದವರು ಬಾಗಿಲು ಹಾಕಿಕೊಂಡು ಯೋಚಿಸಿದರೆ ಹೀಗೇ ಆಗುತ್ತದೆ.

ಗುರುವಾರ ನಾಲ್ಕಕ್ಕೆ ಫೋನು ಬಂತು. ಒಬ್ಬ ನಿವೃತ್ತ ನ್ಯಾಯಾಧೀಶರಿಗೆ ಹಲ್ಲು ನೋವು. ನಾನು ಕೋಟು ಝಾಡಿಸಿಕೊಂಡು ಹೊರಟೆ.

ಬಾಗಿಲು ತೆರೆದ ಬಟ್ಲರ್ ಪ್ರಾಥರೋ ನನ್ನ ಟೋಪಿ ತೆಗೆದುಕೊಳ್ಳುತ್ತ ಪಿಸುಗುಟ್ಟಿದ. "ಅಡುಗೆಮನೆಗೆ ಮಾತ್ರ ಹೋಗ್ಬೇಡಿ ಸರ್. ಅಡುಗೆಯಾಕೆ ಅಳ್ತಾ ಕೂತಿದಾಳೆ. ಇದು ಮೀನಲ್ಲ, ಸೂಜಿ ಡಬ್ಬ ಅಂತಿದಾಳೆ. ಲಾರ್ಡ್ ಸಾಹೇಬರಿಗೆ ನಮ್ಮ ಮೇಲೆ ಏನಾದ್ರೂ ಕೋಪವಾ?"

"ಗೊತ್ತಿಲ್ಲ, ಪ್ರಾಥರೋ."

"ನಿಮಗೆ ಗೊತ್ತಿಲ್ಲ ಅಂದ್ರೆ ಗೊತ್ತಿದೆ ಅಂತ," ಅಂದ ಅವನು.

ಎಂಟು ಗಂಟೆಯಾದರೂ ಕಿಟಕಿಗಳಲ್ಲಿ ಬೆಳಕು ಇನ್ನೂ ಇತ್ತು. ಲೇಡಿ ಮಿಲಿಸೆಂಟ್ ಬಲಕ್ಕೆ ತಿರುಗಿದರು, ಊಟ ಶುರುವಾಯಿತು. ಮಿಸೆಸ್ ಪೆನ್ರೋಸ್ ನೀಲಿ ಉಡುಪಿನಲ್ಲಿದ್ದರು. ನನಗೆ ಅವರ ಬೆನ್ನು ಕಾಣುತ್ತಿತ್ತು. ನನ್ನ ಪಾಲಿಗೆ ಎಡಗಡೆ ಮಿಸ್ ಟಾಡ್ ಎಂಬ ಮುದುಕಿ ಬಂದಿದ್ದರು. ಅವರು ತಮ್ಮ ನಾಯಿಗಳ ಬಗ್ಗೆ ಹೇಳುತ್ತಿದ್ದರು. ಆಗಾಗ ಹೂಂ ಅಂದರೆ ಸಾಕಾಗಿತ್ತು. ಸೂಪು ಯಥಾಪ್ರಕಾರ ಹೋಯಿತು. ಯಜಮಾನರ ಮುಖದಲ್ಲಿ ಒಂದು ನಿಶ್ಚಿಂತೆ ಇತ್ತು. ಮುಂದೆ ಇಪ್ಪತ್ತೈದು ನಿಮಿಷ ಇವೆಯಲ್ಲ.

ಮೀನು ಬಂತು.

ಮೊದಲ ತುತ್ತಿಗೇ ಮಿಸ್ ಟಾಡ್ ನಾಯಿಯ ಕಥೆ ನಿಲ್ಲಿಸಿದರು. ಎದುರಿಗಿದ್ದ ಬಿಷಪ್ಪರು ತುಟಿಯಿಂದ ಏನನ್ನೋ ಎಳೆದು ತಟ್ಟೆಯಂಚಿಗಿಟ್ಟರು, ಮತ್ತೆ ಎಳೆದರು. ಮೇಜಿನ ಇನ್ನೊಂದು ತುದಿಯಲ್ಲಿ ಲೇಡಿ ಮಿಲಿಸೆಂಟ್ ಅವರ ಗಂಡ ಜನರಲ್ ಸಾಹೇಬರು ಮೀಸೆಯೊಳಗೆ ಹುಡುಕುತ್ತಿದ್ದರು. ಒಬ್ಬೊಬ್ಬರದಾಗಿ ಮಾತು ನಿಂತಿತು. ಹದಿನಾಲ್ಕು ಜನ ತಲೆ ತಗ್ಗಿಸಿ, ಜೀವಭಯದಿಂದ, ಮುಳ್ಳು ಬಿಡಿಸತೊಡಗಿದರು. ಫೋರ್ಕು ತಟ್ಟೆಗೆ ತಾಗುವ ಸದ್ದು ಬಿಟ್ಟರೆ ಏನೂ ಇಲ್ಲ. ಗೋಡೆಯ ಗಡಿಯಾರ ಒಂದೇ ಮಾತಾಡುತ್ತಿತ್ತು.

ನಮ್ಮ ಉಪಾಯದಲ್ಲಿ ಈ ಒಂದು ಸಂಗತಿಯನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮುಳ್ಳಿನ ಮೀನು ತಿನ್ನುವವರು ಗದ್ದಲ ಮಾಡುವುದಿಲ್ಲ.

ಮಿಸೆಸ್ ಪೆನ್ರೋಸ್ ಅವರ ಭುಜದಾಚೆ ನನಗೆ ಯಜಮಾನರ ಅರ್ಧ ಮುಖ ಕಾಣುತ್ತಿತ್ತು. ಅವರು ಬಾಯಿ ತೆರೆದರು, ಸುತ್ತ ನೋಡಿದರು, ಮುಚ್ಚಿದರು. ಇನ್ನೊಮ್ಮೆ ತೆರೆದರು. ಆ ಮೌನದೊಳಗೆ ಸಾಸಿವೆ ಬಿದ್ದರೂ ಹದಿಮೂರು ಜನಕ್ಕೆ ಕೇಳುತ್ತಿತ್ತು.

"ಲಾರ್ಡ್ ಆಲ್ಡ್ವಿಕ್, ಇದು ನಿಮ್ಮ ಕೆರೇದಂತೆ," ಅಂದರು ಮಿಸೆಸ್ ಪೆನ್ರೋಸ್ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸಿತು. "ಶತ್ರುಗಳಿಗೆ ಅಂತಲೇ ಸಾಕಿದ್ರಾ?"

ಅಲ್ಲಲ್ಲಿ ನಗು. ಮತ್ತೆ ಫೋರ್ಕುಗಳ ಸದ್ದು. ಯಜಮಾನರ ಕಿವಿ ಕೆಂಪಾಯಿತು. ಹೀಗೆ, ಅವರು ಕಷ್ಟಪಟ್ಟು ಸಂಪಾದಿಸಿದ್ದ ಇಪ್ಪತ್ತೈದು ನಿಮಿಷವೂ ಒಂದೊಂದಾಗಿ ಕಳೆದುಹೋಯಿತು. ಪ್ರಾಥರೋ ತಟ್ಟೆಗಳನ್ನು ಎತ್ತಿದ. ಕುರಿಮಾಂಸ ಬಂತು. ಲೇಡಿ ಮಿಲಿಸೆಂಟ್ ಎಡಕ್ಕೆ ತಿರುಗಿದರು, ಗಾಳಿ ಬೀಸಿದ ಗೋಧಿ ಹೊಲದಂತೆ ಮೇಜು ಪೂರ್ತಿ ತಿರುಗಿತು.

ಮಿಸೆಸ್ ಪೆನ್ರೋಸ್ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಎಂದಿನ ತುಂಟತನವಿತ್ತು. ಅದರ ಹಿಂದೆ ದಣಿವಿನಂಥ ಇನ್ನೇನೋ ಇತ್ತು. ಎರಡು ವರ್ಷದಿಂದ ಒಂದು ಬಾಗಿಲ ಮುಂದೆ ಕಾದು, ಇನ್ನು ಸಾಕು ಎಂದು ಕೊಡೆ ಎತ್ತಿಕೊಂಡವರ ದಣಿವು. ಅವರಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು.

"ಅಂತೂ ಬದುಕಿ ಉಳಿದ್ರಲ್ಲ, ಮಿಸ್ಟರ್ ಗ್ಯಾಸ್ಕಿನ್! ಹೇಳಿ, ನನಗೆ ಕೆನಡಾದಲ್ಲಿ ಚಳಿ ತಡೆಯೋಕಾಗುತ್ತಾ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಮಾಂಸ ಮುಗಿಯುವವರೆಗೆ ಅವರು ನನ್ನ ಕಡೆಗೇ ತಿರುಗಿರುತ್ತಿದ್ದರು.

ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಎರಡು ಹೋಳು ಮಾಡಿದೆ. ಆಮೇಲೆ ನಾಲ್ಕು. ಹೆಂಗಸೊಬ್ಬರು ಮಾತಾಡಿಸಿದಾಗ ಮುಖ ಎತ್ತದೇ ಇರುವುದು ನಮ್ಮ ಕಡೆ ಕೆನ್ನೆಗೆ ಹೊಡೆದದ್ದಕ್ಕೆ ಸಮ. 

"ಮಿಸ್ಟರ್ ಗ್ಯಾಸ್ಕಿನ್?"

ಎಂಟು ಹೋಳು.

ಅವರ ಮುಖ ಮೊದಲು ಪೆಚ್ಚಾಗಿರಬೇಕು. ನಾನು ನೋಡಲಿಲ್ಲ.  ಆಮೇಲೆ ನೀಲಿ ರೇಷ್ಮೆಯ ಸರಬರ ಕೇಳಿಸಿತು. ಅವರು ಮತ್ತೆ ಬಲಕ್ಕೆ ತಿರುಗಿದ್ದರು.

ಬಲಕ್ಕೆ ಯಜಮಾನರು ಇದ್ದಂತೆಯೇ ಇದ್ದರು. ಅವರು ತಿರುಗಿಯೇ ಇರಲಿಲ್ಲ. ಅವರ ಇನ್ನೊಂದು ಪಕ್ಕದಲ್ಲಿ ಬಿಷಪ್ಪರ ಹೆಂಡತಿ ಮಿಸೆಸ್ ಬ್ಲೆಂಕಿನ್ ಚರ್ಚಿನ ಮಾಡು ಸೋರುವ ವಿಷಯವನ್ನು ಅವರ ಭುಜಕ್ಕೆ ಹೇಳುತ್ತಿದ್ದರು.

"ನಾರ್ಫಕ್‌ನ ಮನೆ ಒಬ್ಬನಿಗೆ ದೊಡ್ಡದಾಯ್ತು," ಅಂದರು ಯಜಮಾನರು.

"ಹೌದಾ? ಮಾರ್ತೀರಾ?"

"ಇಲ್ಲ."

"ಬಾಡಿಗೆಗೆ ಕೊಡ್ತೀರಾ?"

"ಇಲ್ಲ."

"ಮತ್ತೆ?"

ಹಾಳೆಯಲ್ಲಿ ಅದರ ಮುಂದೆ ಏನೂ ಇರಲಿಲ್ಲವೆಂಬುದು ನನಗೆ ಗೊತ್ತಿತ್ತು. ಮೇಜಿನ ತುದಿಯಿಂದ ಲೇಡಿ ಮಿಲಿಸೆಂಟ್ ತಮ್ಮನನ್ನು ಕರೆದರು.

"ಬರ್ಟಿ! ಮಿಸೆಸ್ ಬ್ಲೆಂಕಿನ್ ನಿನ್ನನ್ನ ಏನೋ ಕೇಳ್ತಿದಾರೆ ನೋಡೋ."

"ಕೇಳಲಿ, ಮಿಲ್ಲಿ."

"ಏನಂದೆ?"

"ನಾನಿನ್ನೂ ಈ ಕಡೆ ಮುಗಿಸಿಲ್ಲ."

ಪ್ರಾಥರೋ ಕೈಯ ತಟ್ಟೆ ಗಾಳಿಯಲ್ಲೇ ನಿಂತಿತು. ಮಿಸೆಸ್ ಬ್ಲೆಂಕಿನ್ ಬಾಯಿ ತೆರೆದುಕೊಂಡೇ ಒಂಟಿಯಾದರು.  ಆಮೇಲೆ ನಮ್ಮ ಜನ ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು. ನಡೆಯಬಾರದ್ದು ನಡೆದಿದೆ, ಅದನ್ನು ನೋಡಿಲ್ಲವೆಂದು ತೋರಿಸಬೇಕು. ಹಾಗಾಗಿ ಎಲ್ಲರೂ ಒಮ್ಮೆಗೇ, ಗಟ್ಟಿಯಾಗಿ, ಹವಾಮಾನದ ವಿಷಯ ಮಾತಾಡತೊಡಗಿದರು. ಬಿಷಪ್ಪರು ಆಲಿಕಲ್ಲಿನ ಬಗ್ಗೆ ಕೂಗಿದರು. ಜನರಲ್ ಸಾಹೇಬರು ಯಾವುದೋ ಹಳೆಯ ಬೇಸಿಗೆಯನ್ನು ಗುಡುಗಿದರು. ಇಪ್ಪತ್ತಾರು ವರ್ಷಗಳಲ್ಲಿ ಆ ಮೇಜು ಅಷ್ಟು ಗದ್ದಲ ಕಂಡಿರಲಿಲ್ಲ.

ಆ ಗದ್ದಲದ ನಡುವೆ ಯಜಮಾನರು ಹೇಳಿದರು. ಪಕ್ಕದಲ್ಲಿ ಸುಮ್ಮನೆ ಕೂತಿದ್ದ ನನಗೆ ಮಾತ್ರ ಕೇಳಿಸಿತು.

"ಕೆನಡಾಕ್ಕೆ ಹೋಗ್ಬೇಡಿ, ಇಡಾ. ನನ್ನನ್ನ ಮದುವೆ ಮಾಡ್ಕೊಳ್ಳಿ."

ನಾನು ಹೋಳುಗಳನ್ನು ಎಣಿಸಿದೆ. ಹದಿನಾರು ಇದ್ದವು.

"ನಿಮ್ಮ ಬ್ಯಾಂಕಿಗೆ ಬಂದು ಯಾರಾದ್ರೂ ಏನಾದ್ರೂ ಕೇಳಿದ್ರೆ," ಅಂದರು ಮಿಸೆಸ್ ಪೆನ್ರೋಸ್ ನಿಧಾನವಾಗಿ, "ನೀವು ಯಾವಾಗ ಉತ್ತರ ಕೊಡ್ತೀರಿ?"

"ಮಾರನೇ ದಿನ."

"ಎಷ್ಟು ಹೊತ್ತಿಗೆ?"

"ಹನ್ನೊಂದಕ್ಕೆ."

"ಸರಿ ಮತ್ತೆ," ಅಂದು ಅವರು ಕುರಿಮಾಂಸಕ್ಕೆ ಚಾಕು ಹಚ್ಚಿದರು.

ಮಾಂಸ ಮುಗಿಯುವವರೆಗೂ ಮಿಸೆಸ್ ಬ್ಲೆಂಕಿನ್ ಮತ್ತು ನಾನು, ಆ ಇಬ್ಬರ ಆಚೆ ಒಬ್ಬರು ಈಚೆ ಒಬ್ಬರು, ಯಾರಿಗೂ ಬೇಡವಾಗಿ ಕೂತಿದ್ದೆವು. ಆಕೆ ಉಪ್ಪಿನ ಬಟ್ಟಲನ್ನು ದಿಟ್ಟಿಸುತ್ತಿದ್ದರು. ನನಗೆ ಆ ಮನೆಯಲ್ಲಿ ಅಷ್ಟು ಹಿತವಾದ ಊಟ ಹಿಂದೆ ಎಂದೂ ಸಿಕ್ಕಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೇ ಲೇಡಿ ಮಿಲಿಸೆಂಟ್ ಫೋನು ಮಾಡಿದರು. ಇನ್ನು ಮುಂದೆ ಹದಿಮೂರಲ್ಲ, ಮೂವರೇ ಕೂತರೂ ಸರಿ, ಗ್ಯಾಸ್ಕಿನ್ ಬರುವುದು ಬೇಡ. ಮಿಸೆಸ್ ಪೆನ್ರೋಸ್ ಎರಡು ಸಲ ಮಾತಾಡಿಸಿದ್ದನ್ನು ಅವರು ಅಷ್ಟು ದೂರದಿಂದಲೂ ಲೆಕ್ಕ ಇಟ್ಟಿದ್ದರು. ನಾನು ಕ್ಷಮೆ ಕೇಳಿದೆ.

ಯಜಮಾನರು ಏಳಕ್ಕೇ ಬಂದಿದ್ದರಂತೆ. ಹತ್ತೂವರೆಗೆ ಅವರ ಕೋಣೆಗೆ ಹೋದರೆ ಅಲ್ಲಿರಲಿಲ್ಲ. ಹೊರಗೆ, ಉತ್ತರಕ್ಕಾಗಿ ಕಾಯುವವರು ಕೂರುವ ಓಕ್ ಬೆಂಚಿನ ಮೇಲೆ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು.

"ಗ್ಯಾಸ್ಕಿನ್, ಈ ಬೆಂಚು ಇಷ್ಟು ಗಟ್ಟಿ ಅಂತ ಯಾರೂ ಹೇಳೇ ಇಲ್ಲವಲ್ಲ."

"ಕೂತವರಿಗೆ ಅದನ್ನ ಹೇಳೋ ಸ್ಥಿತಿ ಇರ್ತಿರ್ಲಿಲ್ಲ, ಸರ್."

"ಒಂದು ದಿಂಬು ಹಾಕ್ಸಿ."

"ಇವತ್ತೇ ಹಾಕ್ಸಲಾ, ಸರ್? ನಾಳೆ ಬೆಳಗ್ಗೆ ಹೇಳ್ತೀರಾ?"

ಅವರು ನನ್ನ ಮುಖ ನೋಡಿದರು. "ಇವತ್ತೇ," ಅಂದರು.

ಹನ್ನೊಂದು ಹೊಡೆಯಿತು. ಹನ್ನೊಂದು ಐದಾಯಿತು. ಗುಮಾಸ್ತರು ಯಾರೂ ತಲೆ ಎತ್ತಲಿಲ್ಲ. ಯಾರೂ ಬರೆಯುತ್ತಲೂ ಇರಲಿಲ್ಲ. ಯಜಮಾನರು ಟೋಪಿಯ ಅಂಚನ್ನು ಬೆರಳಿನಿಂದ ಸುತ್ತು ಹಾಕಿಸುತ್ತಿದ್ದರು. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಬಾಗಿಲು ತೆರೆದು ಮಿಸೆಸ್ ಪೆನ್ರೋಸ್ ಬಂದರು. ನನ್ನ ಮೇಜಿನ ಹತ್ತಿರ ಒಂದು ಕ್ಷಣ ನಿಂತರು.

"ಆಲೂಗಡ್ಡೆ ಚೆನ್ನಾಗಿತ್ತಾ, ಮಿಸ್ಟರ್ ಗ್ಯಾಸ್ಕಿನ್?"

"ಹೌದು, ಮ್ಯಾಡಂ."

"ಓಹ್, ಇವತ್ತು ಬಾಯಿ ಬಂದಿದೆ," ಅಂದು ಒಳಗೆ ಹೋದರು. ಯಜಮಾನರು ಹಿಂದೆಯೇ ಹೋಗಿ ಬಾಗಿಲು ಹಾಕಿಕೊಂಡರು.

ಆ ಬಾಗಿಲು ದಪ್ಪ. ಆದರೂ ಹನ್ನೊಂದು ವರ್ಷದಲ್ಲಿ ಅದರ ಹಿಂದಿನ ಮಾತಿನ ಗುಂಯ್ ಸದ್ದು ನನಗೆ ಕೇಳಿಸದೇ ಇದ್ದುದಿಲ್ಲ. ಅಂದು ಏನೂ ಕೇಳಿಸಲಿಲ್ಲ. ಐದು ನಿಮಿಷ. ಹತ್ತು ನಿಮಿಷ. ಒಳಗೆ ಇಬ್ಬರೇ, ಒಂದು ಗಡಿಯಾರ. ಮಾತಿಗೆ ಎಂದೂ ತಡವರಿಸದ ಆಕೆಯೂ ಸುಮ್ಮನಿದ್ದಾರೆ. ಆ ಸುಮ್ಮನಿರುವುದಕ್ಕೆ ಹೆದರಿ ಮೂರು ಸಲ ಎದ್ದುಬಂದವರು ಅಲ್ಲೇ ಕೂತಿದ್ದಾರೆ. ನಾನು ಲೇಖನಿ ಕೆಳಗಿಟ್ಟು ಕೇಳುತ್ತಿದ್ದೆ. ಕೇಳಬಾರದಿತ್ತು, ಆದರೆ ಕೇಳುವುದಕ್ಕೆ ಏನೂ ಇರಲಿಲ್ಲವಲ್ಲ.

ಆಮೇಲೆ ಒಳಗಿನಿಂದ ಕರೆಗಂಟೆ ಕೇಳಿಸಿತು. ಬಾಗಿಲು ತೆರೆದೆ. ಅವರು ಮೇಜಿನ ಈಚೆಗೆ, ಕೇಳಲು ಬರುವವರ ಎರಡು ಕುರ್ಚಿಗಳಲ್ಲಿ, ಪಕ್ಕಪಕ್ಕದಲ್ಲಿ ಕೂತಿದ್ದರು.

"ಗ್ಯಾಸ್ಕಿನ್," ಅಂದರು ಯಜಮಾನರು.  "ಹಡಗಿನ ಕಂಪನಿಗೆ ಫೋನ್ ಮಾಡಿ, ಮಂಗಳವಾರದ ಟಿಕೆಟ್ ಬೇಡ ಅಂತ ಹೇಳ್ಬಿಡಿ. ಮತ್ತೆ ಎರಡು ಟೀ."

"ಜೊತೆಗೆ ಬಿಸ್ಕತ್ತು," ಅಂದರು ಇಡಾ ಪೆನ್ರೋಸ್. "ಮುಳ್ಳಿಲ್ಲದ್ದು."